ಬಂದರಿನ ಬೀಗದ ಕೈ ಯಾರ ಬಳಿ?

ಮೈಸೂರಿನ ಶ್ರೀರಾಂಪುರದಲ್ಲಿ ಬೆಳಗಿನ ಕಾಫಿಗೆ ಗ್ಯಾಸ್ ಒಲೆ ಹೊತ್ತಿಸುವವರಿಗೆ ಸಮುದ್ರದ ನೆನಪಾಗುವುದು ಅಪರೂಪ. ಮಂಗಳೂರು ಅಲ್ಲಿಂದ ಸುಮಾರು 250 ಕಿ.ಮೀ. ದೂರ, ನಡುವೆ ಕೊಡಗಿನ ಬೆಟ್ಟಗಳು. ಆದರೆ ಹೊರದೇಶದ ಅಡುಗೆ ಅನಿಲ ಹಡಗಿನಿಂದ ಇಳಿಯುವುದು ನವಮಂಗಳೂರು ಬಂದರಿನಲ್ಲಿ. ಮಂಗಳೂರಿನಿಂದ ಹಾಸನದ ಮೂಲಕ ಮೈಸೂರಿಗೆ ನೆಲದಡಿಯ ಕೊಳವೆ ಮಾರ್ಗವೇ ಇದೆ. ಆದ್ದರಿಂದ ಬಂದರಿನ ಆಡಳಿತವನ್ನು ವಿದೇಶೀ ಕಂಪನಿಗೆ ವಹಿಸಬಹುದೇ ಎಂಬ ಪ್ರಶ್ನೆ ಕರಾವಳಿಯವರದಷ್ಟೇ ಅಲ್ಲ.

ಮೈಸೂರಿಗೆ ಈ ಪ್ರಶ್ನೆ ಹೊಸದೂ ಅಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಮಂಗಳೂರು ಮೈಸೂರಿನ ವಶವಾಯಿತು. 1783ರಲ್ಲಿ ಇಂಗ್ಲಿಷರು ಕಿತ್ತುಕೊಂಡ ಊರನ್ನು ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಮರಳಿ ಪಡೆದ. 1799ರಲ್ಲಿ ಅವನು ಮಡಿದ ಮೇಲೆ ಕಂಪನಿ ಸರ್ಕಾರ ಮೈಸೂರಿನ ಸಿಂಹಾಸನವನ್ನು ಒಡೆಯರಿಗೆ ಬಿಟ್ಟುಕೊಟ್ಟಿತು. ಕರಾವಳಿಯನ್ನು ಮಾತ್ರ ತಾನೇ ಇಟ್ಟುಕೊಂಡಿತು. ವ್ಯಾಪಾರಕ್ಕೆಂದು ಬಂದವರಿಗೆ ಬಂದರಿನ ಬೆಲೆ ಚೆನ್ನಾಗಿ ತಿಳಿದಿತ್ತು. ಮುಂದೆ ದಿವಾನ್ ವಿಶ್ವೇಶ್ವರಯ್ಯನವರು ಭಟ್ಕಳದಲ್ಲಿ ಮೈಸೂರಿಗೊಂದು ಬಂದರು ಬೇಕೆಂದು ಪ್ರಯತ್ನಿಸಿದರೂ ಅದು ಕೈಗೂಡಲಿಲ್ಲ.

ಹಾಗಾದರೆ ವಿದೇಶೀ ಕಂಪನಿ ಬಂತೆಂದರೆ ಮತ್ತೆ ಈಸ್ಟ್ ಇಂಡಿಯಾ ಕಂಪನಿಯೇ ಬಂದಂತೆಯೇ? ಹಾಗೆ ಹೆದರುವ ಮೊದಲು ವ್ಯವಸ್ಥೆಯನ್ನು ಅರಿಯಬೇಕು. ಭಾರತದ ಪ್ರಮುಖ ಬಂದರುಗಳಲ್ಲಿ ನೆಲ ಸರ್ಕಾರಿ ಪ್ರಾಧಿಕಾರದ್ದು. ಸುಂಕದ ತಪಾಸಣೆ ಕಸ್ಟಮ್ಸ್ ಇಲಾಖೆಯದ್ದು. ಕಾವಲು ಕೇಂದ್ರದ ಭದ್ರತಾ ಪಡೆಯದ್ದು. ಕಂಪನಿಗೆ ಸಿಗುವುದು ನಿಗದಿತ ಅವಧಿಗೆ ಒಂದು ಟರ್ಮಿನಲ್: ಕ್ರೇನು ಹಾಕಿ ಸರಕು ಇಳಿಸುವ, ಏರಿಸುವ ಕೆಲಸ. ಮುಂಬಯಿ ಬಳಿಯ ನ್ಹಾವಾ ಶೇವಾದಲ್ಲಿ ಇಂಥ ಮೊದಲ ಖಾಸಗಿ ಕಂಟೈನರ್ ಟರ್ಮಿನಲ್ 1999ರಲ್ಲಿ ಆರಂಭವಾಯಿತು.

ಅದರ ಕಥೆಯಲ್ಲೇ ಒಂದು ಪಾಠವಿದೆ. 1997ರಲ್ಲಿ ಕರಾರಾದದ್ದು ಪಿ ಅಂಡ್ ಓ ಸಮೂಹದ ಆಸ್ಟ್ರೇಲಿಯಾದ ಕಂಪನಿಯ ನೇತೃತ್ವದ ಕೂಟದೊಡನೆ. 2006ರಲ್ಲಿ ದುಬೈನ ಡಿ.ಪಿ. ವರ್ಲ್ಡ್ ಆ ಸಮೂಹವನ್ನೇ ಕೊಂಡಿತು. ಇಲ್ಲಿ ಕ್ರೇನು ಕದಲಲಿಲ್ಲ, ಒಡೆತನ ಬದಲಾಯಿತು. ಅದೇ ವ್ಯವಹಾರದಿಂದ ಅಮೆರಿಕದ ಬಂದರುಗಳೂ ದುಬೈ ಕೈಗೆ ಹೋಗುತ್ತವೆಂದು ಅಲ್ಲಿನ ಸಂಸತ್ತಿನಲ್ಲಿ ಗದ್ದಲವೆದ್ದು, ಕಂಪನಿ ಅಲ್ಲಿನ ಪಾಲನ್ನು ಮಾರಬೇಕಾಯಿತು. ಅದೇ ವರ್ಷ ಕೇರಳದ ವಿಳಿಂಜಂ ಬಂದರಿಗೆ ಚೀನೀ ಕಂಪನಿಗಳಿದ್ದ ಕೂಟಕ್ಕೆ ನಮ್ಮ ಕೇಂದ್ರ ಸರ್ಕಾರ ಭದ್ರತಾ ಅನುಮತಿ ನಿರಾಕರಿಸಿತು.

ಆತಂಕ ನಿರಾಧಾರವಲ್ಲ. ಯಾವ ಹಡಗಿನಲ್ಲಿ ಏನು ಬಂತು, ಯಾರಿಗೆ ಹೋಯಿತು ಎಂಬ ಲೆಕ್ಕ ಟರ್ಮಿನಲ್ ನಡೆಸುವವರ ಕಂಪ್ಯೂಟರಿನಲ್ಲಿರುತ್ತದೆ. ಯುದ್ಧಕಾಲದಲ್ಲಿ ಅದು ಬರಿಯ ಲೆಕ್ಕವಲ್ಲ. ಸಾಲದ ಹೊರೆಯಲ್ಲಿದ್ದ ಶ್ರೀಲಂಕಾ 2017ರಲ್ಲಿ ಹಂಬನ್‌ತೋಟ ಬಂದರನ್ನು 99 ವರ್ಷಗಳ ಗುತ್ತಿಗೆಗೆ ಚೀನಾದ ಸರ್ಕಾರಿ ಕಂಪನಿಗೆ ಒಪ್ಪಿಸಿತು. ಕರಾರಿಗೆ ಕೂರುವಾಗ ಕೈ ಕೆಳಗಾಗಿದ್ದರೆ ಷರತ್ತು ಹಾಕುವವರು ಎದುರಿನವರೇ.

ಕೈ ಮೇಲಿದ್ದರೆ ಏನಾಗುತ್ತದೆಂಬುದಕ್ಕೆ ಮಂಗಳೂರೇ ನಿದರ್ಶನ. ಅಲ್ಲಿ ಬಂಡೆ ಕೊರೆದು ನೆಲದಡಿ ನಿರ್ಮಿಸಿದ ತುರ್ತು ಸಂಗ್ರಹಾಗಾರದಲ್ಲಿ 15 ಲಕ್ಷ ಟನ್ ಕಚ್ಚಾತೈಲ ಹಿಡಿಯುತ್ತದೆ. ಅದರ ಅರ್ಧ ಭಾಗದಲ್ಲಿ ತನ್ನ ತೈಲ ತುಂಬಲು ಅಬುಧಾಬಿಯ ರಾಷ್ಟ್ರೀಯ ತೈಲ ಕಂಪನಿ 2017ರಲ್ಲಿ ಒಪ್ಪಂದ ಮಾಡಿಕೊಂಡಿತು. 2018ರ ಮೇ ತಿಂಗಳಲ್ಲಿ ಮೊದಲ ತೈಲದ ಹಡಗು ಬಂತು. ತೈಲ ಅವರದು, ಆದರೆ ತುರ್ತು ಸಂದರ್ಭದಲ್ಲಿ ಅದರ ಮೇಲೆ ಮೊದಲ ಹಕ್ಕು ಭಾರತದ್ದು. ಇನ್ನು 2005ರಲ್ಲಿ ಆರಂಭವಾದ ಕಾರವಾರದ ಐ.ಎನ್.ಎಸ್. ಕದಂಬದಂಥ ನೌಕಾನೆಲೆಗಳ ವಿಷಯ ಬೇರೆ. ಅಲ್ಲಿ ಪರರ ಪಾಲುದಾರಿಕೆಯ ಮಾತೇ ಏಳದು.

ಶ್ರೀರಾಂಪುರದಲ್ಲಿ ಮಹಡಿ ಮನೆಯನ್ನು ಬಾಡಿಗೆಗೆ ಕೊಡುವ ಗೃಹಸ್ಥರೂ ಕರಾರುಪತ್ರವನ್ನು ಎರಡು ಸಲ ಓದುತ್ತಾರೆ. ಬಾಡಿಗೆದಾರ ಬೇರೆಯವರಿಗೆ ಒಳಬಾಡಿಗೆ ಕೊಡಬಹುದೇ, ಬೇಕಾದಾಗ ಮನೆ ಬಿಡಿಸಿಕೊಳ್ಳಬಹುದೇ ಎಂದು ವಿಚಾರಿಸುತ್ತಾರೆ. ಬಂದರಿನ ವಿಷಯದಲ್ಲಿ ಪ್ರಜೆಗಳು ಕೇಳಬೇಕಾದ ಪ್ರಶ್ನೆಗಳೂ ಇವೇ. ಬಂದವರು ಯಾವ ದೇಶದವರೆಂಬುದು ಮೊದಲ ಪ್ರಶ್ನೆಯಾಗಲಿ. ಅದೇ ಕೊನೆಯ ಪ್ರಶ್ನೆಯಾಗಬಾರದು.