ಮೀನುಗಾರಿಕೆ ನಿಲ್ಲಿಸಿ ಉಳಿಸಿಕೊಂಡ ಕಡಲು ಬಿಸಿಗೆ ಸೋಲುತ್ತಿದೆಯೇ? ಸ್ಪೇನ್‌ನ ಮೆಡೆಸ್ ದ್ವೀಪಗಳು ಎತ್ತಿರುವ ಪ್ರಶ್ನೆ

ಮುಂಬೈನ ಝವೇರಿ ಬಜಾರಿರಲಿ, ಚೆನ್ನೈನ ಟಿ. ನಗರವಿರಲಿ, ಕುಜ ದೋಷಕ್ಕೆ ಹವಳದ ಉಂಗುರ ಬೇಕೆಂದು ಹೋದರೆ ಅಂಗಡಿಯವರು ಸ್ವಲ್ಪ ಹೆಚ್ಚು ಬೆಲೆಯದ್ದನ್ನು ಮುಂದಿಟ್ಟು ‘ಇದು ಇಟಾಲಿಯನ್’ ಎನ್ನುತ್ತಾರೆ. ನೇಪಲ್ಸ್ ಬಳಿಯ ತೊರ್ರೆ ದೆಲ್ ಗ್ರೆಕೊ ಎಂಬ ಊರು ಹವಳ ಕೊರೆಯುವ ಕಸುಬಿಗೆ ಶತಮಾನಗಳಿಂದ ಹೆಸರುವಾಸಿ, ಅದಕ್ಕೇ ಆ ಹೆಸರು. ಹವಳ ಹುಟ್ಟುವುದು ಮಾತ್ರ ಮೆಡಿಟರೇನಿಯನ್ ಕಡಲಿನೊಳಗೆ, ಬಂಡೆಗಳ ನೆರಳಲ್ಲಿ, ಗುಹೆಗಳ ಕತ್ತಲಲ್ಲಿ. ನಮ್ಮವರಿಗೆ ಇದರ ಮೇಲಿನ ಮೋಹ ಇಂದು ನಿನ್ನೆಯದಲ್ಲ. ಭಾರತದ ಮುತ್ತಿಗೆ ರೋಮನ್ನರು ಎಷ್ಟು ಬೆಲೆ ಕೊಡುತ್ತಾರೋ ಭಾರತೀಯರು ಹವಳಕ್ಕೆ ಅಷ್ಟೇ ಬೆಲೆ ಕೊಡುತ್ತಾರೆ ಎಂಬ ಅರ್ಥದ ಮಾತನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮ್‌ನ ಪ್ಲಿನಿ ಬರೆದಿಟ್ಟಿದ್ದಾನೆ.

ಆ ಕೆಂಪು ಹವಳವನ್ನು ಜೀವಂತವಾಗಿ ನೋಡಲು ಯುರೋಪಿನ ಡೈವರ್‌ಗಳು ಹೋಗುವ ಜಾಗಗಳಲ್ಲಿ ಸ್ಪೇನ್‌ನ ಮೆಡೆಸ್ ದ್ವೀಪಗಳು ಮುಖ್ಯವಾದವು. ಕತಲೂನ್ಯಾ ಪ್ರಾಂತ್ಯದ ಕೋಸ್ತಾ ಬ್ರಾವಾ ತೀರದಲ್ಲಿ, ಲೆಸ್ತಾರ್ತಿತ್ ಎಂಬ ಊರಿನಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿರುವ ಏಳು ಪುಟ್ಟ ದ್ವೀಪಗಳಿವು. ಎಲ್ಲ ಸೇರಿಸಿದರೂ ಐವತ್ತು ಎಕರೆ ಆಸುಪಾಸು. ಮೇಲೆ ನೋಡಲು ಒಂದು ದೀಪಸ್ತಂಭ, ಕಡಲಹಕ್ಕಿಗಳು, ಬೋಳು ಸುಣ್ಣಕಲ್ಲು. ಸಂಪತ್ತೆಲ್ಲ ನೀರಿನ ಕೆಳಗಿದೆ.

ಆ ನೀರಿನದ್ದೇ ಈಗಿನ ಚಿಂತೆ. 2023ರ ಜುಲೈ 24ರಂದು ಮೆಡಿಟರೇನಿಯನ್ ಮೇಲ್ಮೈಯ ದೈನಂದಿನ ತಾಪಮಾನ 28.71 ಡಿಗ್ರಿ ಮುಟ್ಟಿ ದಾಖಲೆಯಾಯಿತು. ಮರುವರ್ಷ ಆಗಸ್ಟ್ 15ರಂದು ಅದೂ ಮುರಿದು 28.90ಕ್ಕೆ ಏರಿತು. ಮನುಷ್ಯರ ಕೈಯಿಂದ ಕಾಪಾಡಿಕೊಂಡ ಒಂದು ಚದರ ಕಿಲೋಮೀಟರ್ ಕಡಲನ್ನು ಇಂಥ ಬೇಸಿಗೆಯಿಂದ ಕಾಪಾಡುವುದು ಹೇಗೆ? ಮೆಡೆಸ್‌ನಲ್ಲಿ ದಶಕಗಳಿಂದ ನಡೆದ ಚರ್ಚೆ ಎಷ್ಟು ಡೈವರ್‌ಗಳನ್ನು ಬಿಡಬೇಕು ಎಂಬುದರ ಸುತ್ತ ಇತ್ತು. ಆ ಚರ್ಚೆಯ ಬುಡವೇ ಈಗ ಅಲುಗಾಡಿದೆ.

ಬಲೆ ಬಿಟ್ಟರು, ದುಡಿಮೆ ಹೆಚ್ಚಿತು

1983ರಲ್ಲಿ ಕತಲಾನ್ ಸರ್ಕಾರ ಈ ದ್ವೀಪಗಳ ಸುತ್ತ ಮೀನುಗಾರಿಕೆ ಮತ್ತು ಹವಳ ಕೀಳುವುದನ್ನು ನಿಷೇಧಿಸಿತು. 1990ರಲ್ಲಿ ಪ್ರತ್ಯೇಕ ಕಾನೂನು ಬಂತು. 2010ರಲ್ಲಿ ಎದುರಿನ ಮೋಂಟ್‌ಗ್ರಿ ಬೆಟ್ಟಸಾಲು ಮತ್ತು ತೆರ್ ನದಿಯ ಕೆಳಬಯಲನ್ನೂ ಸೇರಿಸಿ ನೈಸರ್ಗಿಕ ಉದ್ಯಾನ ಎಂದು ಘೋಷಿಸಲಾಯಿತು.

ಫಲ ಸಿಕ್ಕಿದ್ದು ಮೀನುಗಳಲ್ಲಿ. ಗ್ರೂಪರ್, ಅಂದರೆ ನಮ್ಮ ಕರಾವಳಿಯಲ್ಲಿ ಮುರು ಮೀನು ಎನ್ನುವ ಕುಲದ ದೈತ್ಯ ಮೀನು, ಮೆಡಿಟರೇನಿಯನ್‌ನ ಬಹುತೇಕ ಕಡೆ ಈಟಿ ಬೇಟೆಗೆ ಬಲಿಯಾಗಿ ಅಪರೂಪವಾಗಿತ್ತು. ಮೆಡೆಸ್‌ನಲ್ಲಿ ಅದು ಮತ್ತೆ ತುಂಬಿಕೊಂಡಿತು. ಮನುಷ್ಯರನ್ನು ಕಂಡರೆ ಓಡುವ ಅಭ್ಯಾಸವನ್ನೂ ಬಿಟ್ಟಿತು. ಒಂದು ಮೀಟರ್ ಉದ್ದದ ಮೀನು ಮುಖದ ಮುಂದೆ ಬಂದು ನಿಂತು ನೋಡುತ್ತದೆ ಎಂದರೆ ಯಾರಿಗೆ ತಾನೇ ಆಸೆಯಾಗದು? ಡೈವಿಂಗ್ ಕೇಂದ್ರಗಳು ಬಂದವು, ಹೋಟೆಲುಗಳು ತುಂಬಿದವು, ಮೀನು ಹಿಡಿಯುತ್ತಿದ್ದ ಊರು ಮೀನು ತೋರಿಸುವ ಊರಾಯಿತು.

ಇದೇ ಕರಾವಳಿಯ ಗಿರೋನಾದವರಾದ, ಮೆಡೆಸ್‌ನಲ್ಲಿ ಸಂಶೋಧನೆ ಮಾಡಿದ ಸಾಗರ ವಿಜ್ಞಾನಿ ಎನ್ರಿಕ್ ಸಾಲಾ ಈ ಲೆಕ್ಕವನ್ನು ಜಗತ್ತಿಗೆ ಮತ್ತೆ ಮತ್ತೆ ಹೇಳಿದ್ದಾರೆ. ಮೀಸಲು ಪ್ರದೇಶದ ಪ್ರವಾಸೋದ್ಯಮ ವರ್ಷಕ್ಕೆ ಸುಮಾರು ಒಂದು ಕೋಟಿ ಯೂರೊ ತರುತ್ತದೆ. ಅಲ್ಲಿ ಮೀನು ಹಿಡಿದಿದ್ದರೆ ಬರುತ್ತಿದ್ದುದರ ಸುಮಾರು 20 ಪಟ್ಟು. ಕಡಲನ್ನು ಮುಚ್ಚಿದರೆ ಹೊಟ್ಟೆಗೇನು ಎಂಬ ಮೀನುಗಾರರ ಪ್ರಶ್ನೆಗೆ ಇದೇ ಉತ್ತರ ಎಂದು ಎಲ್ಲೆಡೆ ತೋರಿಸಲಾಗುತ್ತದೆ. ಬಲೆ ಬಿಟ್ಟವನೂ ಡೈವಿಂಗ್ ಕೇಂದ್ರ ತೆರೆದವನೂ ಒಬ್ಬನೇ ಆಗಿರಬೇಕಿಲ್ಲ ಎಂಬುದು ಆ ಸರಾಸರಿ ಲೆಕ್ಕದಲ್ಲಿ ಕಾಣುವುದಿಲ್ಲ, ಆದರೆ ಒಟ್ಟು ಮೊತ್ತ ಸುಳ್ಳಲ್ಲ.

ಗುಹೆಯ ಛಾವಣಿಯಲ್ಲಿ ತಲೆಕೆಳಗಾದ ತೋಟ

ಮೆಡೆಸ್ ಪ್ರಸಿದ್ಧವಾದದ್ದು ಮೀನಿನಿಂದ ಮಾತ್ರವಲ್ಲ, ಗುಹೆ ಮತ್ತು ಸುರಂಗಗಳಿಂದಲೂ. ಸುಣ್ಣಕಲ್ಲನ್ನು ಮಳೆನೀರು ಕರಗಿಸುತ್ತದೆ. ಹಿಮಯುಗದಲ್ಲಿ ಕಡಲಮಟ್ಟ ನೂರು ಮೀಟರಿಗೂ ಹೆಚ್ಚು ಕೆಳಗಿದ್ದಾಗ ಕೊರೆದುಕೊಂಡ ಪೊಳ್ಳುಗಳು ಈಗ ನೀರಿನೊಳಗಿವೆ. ಡೈವರ್‌ಗಳು ಇವನ್ನು ಡಾಲ್ಫಿನ್ ಗುಹೆ, ಹಸುವಿನ ಗುಹೆ ಎಂದೆಲ್ಲ ಕರೆಯುತ್ತಾರೆ. ಕೆಲವು ದ್ವೀಪದ ಒಂದು ಬದಿಯಿಂದ ಇನ್ನೊಂದು ಬದಿಗೆ ತೂರಿ ಹೋಗುತ್ತವೆ. ಆಚೆ ಬಾಯಿಯ ನೀಲಿ ಬೆಳಕು ಕಾಣುವಷ್ಟು ದೂರ ಇದು ಸೊಗಸಾದ ಅನುಭವ. ಬೆಳಕು ಮರೆಯಾದರೆ ಆಟದ ನಿಯಮವೇ ಬೇರೆ: ತಲೆಯ ಮೇಲೆ ಕಲ್ಲಿರುವಾಗ ನೇರ ಮೇಲಕ್ಕೇರುವ ದಾರಿಯಿಲ್ಲ. ಅದಕ್ಕೇ ಗುಹೆ ಡೈವಿಂಗ್‌ನಲ್ಲಿ ಗಾಳಿಯ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಇನ್ನೊಂದು ಆಪತ್ತಿಗೆ ಎಂಬ ಕಟ್ಟಳೆ.

ಜೀವಿಗಳಿಗೆ ಈ ಕತ್ತಲೇ ಆಸರೆ. ಬೆಳಕಿರುವಲ್ಲಿ ಪಾಚಿ ಬೇಗ ಬೆಳೆದು ಎಲ್ಲವನ್ನೂ ಮುಚ್ಚುತ್ತದೆ. ನೆರಳಿನಲ್ಲಿ ಅದರ ಆಟ ನಡೆಯದು. ಆದ್ದರಿಂದ ಕೆಂಪು ಹವಳ, ಸ್ಪಂಜು, ಹಳದಿ ಹೂವಿನಂಥ ಪುಟ್ಟ ಜೀವಿಗಳು ಗುಹೆಯ ಛಾವಣಿಗೆ ಅಂಟಿ ತಲೆಕೆಳಗಾಗಿ ಬೆಳೆಯುತ್ತವೆ. ಕೆಂಪು ಹವಳದ ಕಾಂಡ ವರ್ಷಕ್ಕೆ ದಪ್ಪವಾಗುವುದು ಒಂದು ಮಿಲಿಮೀಟರ್‌ನ ಸಣ್ಣ ಭಾಗದಷ್ಟು. ಉಂಗುರಕ್ಕೆ ಕೂರಿಸುವ ಮಣಿಯಾಗಲು ದಶಕಗಳೇ ಬೇಕು. ಈ ಲೆಕ್ಕ ಕೈಬೆರಳಲ್ಲಿ ಹವಳ ಧರಿಸಿದ ನಮಗೆ ಗೊತ್ತಿರುವುದು ಕಡಿಮೆ. ಕದ್ದು ಕೀಳುವ ಹಾವಳಿಯಿಂದ ಬೇಸತ್ತು ಕತಲಾನ್ ಸರ್ಕಾರ 2017ರ ಕೊನೆಗೆ ತನ್ನ ಕರಾವಳಿಯಲ್ಲಿ ಹವಳ ಕೀಳುವುದನ್ನು ಹತ್ತು ವರ್ಷಗಳ ಮಟ್ಟಿಗೆ ನಿಲ್ಲಿಸಿತು.

ಇಂಥ ಛಾವಣಿಯ ಕೆಳಗೆ ಡೈವರ್ ಬಿಟ್ಟ ಉಸಿರು ಗುಳ್ಳೆಯಾಗಿ ಮೇಲೇರಿ ಹವಳಕ್ಕೆ ಬಡಿಯುತ್ತದೆ. ಹೊರಹೋಗಲು ದಾರಿಯಿಲ್ಲದೆ ಕಲ್ಲಿನ ಸಂದಿಯಲ್ಲಿ ಗಾಳಿಯ ಕೆರೆ ಕಟ್ಟುತ್ತದೆ. ಅದರೊಳಗೆ ಸಿಕ್ಕಿಬಿದ್ದ ಜೀವಿ ಒಣಗಿ ಸಾಯುತ್ತದೆ. ಕಾಲಿನ ರೆಕ್ಕೆ ತಳದ ಹೂಳನ್ನು ಕದಡಿದರೆ ಅದು ಹೋಗಿ ಸೋಸಿ ತಿನ್ನುವ ಜೀವಿಗಳ ಬಾಯಿ ಕಟ್ಟುತ್ತದೆ. ಯಾರೂ ಏನನ್ನೂ ಮುಟ್ಟದಿದ್ದರೂ ಆಗುವ ಹಾನಿ ಇದು. ಮೆಡೆಸ್‌ನಲ್ಲೇ 1990ರ ದಶಕದಲ್ಲಿ ನಡೆದ ಅಧ್ಯಯನಗಳು, ಡೈವರ್‌ಗಳು ಹೆಚ್ಚು ಹೋಗುವ ಜಾಗಗಳಲ್ಲಿ ಸುಲಭವಾಗಿ ಮುರಿಯುವ ಜೀವಿಗಳು ಕಡಿಮೆಯಾಗಿರುವುದನ್ನು ತೋರಿಸಿದವು. ದಿನಕ್ಕೆ, ವರ್ಷಕ್ಕೆ ಇಂತಿಷ್ಟೇ ಡೈವ್ ಎಂಬ ಮಿತಿ, ಪ್ರತಿ ಡೈವ್‌ಗೂ ಶುಲ್ಕ, ಲಂಗರು ಬದಲು ಖಾಯಂ ತೇಲುಬುರುಡೆ ಎಂಬ ನಿಯಮಗಳು ಬೇರೂರಿದವು. ಆದರೂ ಈಗಲೂ ವರ್ಷಕ್ಕೆ ಹತ್ತಾರು ಸಾವಿರ ಡೈವ್‌ಗಳು ನಡೆಯುತ್ತವೆ.

ಗೇಟು ಇಲ್ಲದ ಅತಿಥಿ

ಲೆಸ್ತಾರ್ತಿತ್‌ನ ಜೋಸೆಪ್ ಪಾಸ್ಕುವಲ್ ಎಂಬ ಹವ್ಯಾಸಿ 1970ರ ದಶಕದಿಂದ ದೋಣಿಯಲ್ಲಿ ಹೋಗಿ ಮೆಡೆಸ್ ಬಳಿ 80 ಮೀಟರ್ ಆಳದವರೆಗೂ ನೀರಿನ ತಾಪ ಅಳೆಯುತ್ತ ಬಂದರು. ಸರ್ಕಾರ ಹೇಳಿ ಮಾಡಿಸಿದ್ದಲ್ಲ. ಇಂದು ಇಡೀ ಮೆಡಿಟರೇನಿಯನ್‌ನಲ್ಲಿ ಇಷ್ಟು ದೀರ್ಘ ಕಾಲ ಎಡೆಬಿಡದೆ ನಡೆದ ಇಂಥ ದಾಖಲೆ ಸಿಗುವುದು ಕಷ್ಟ. ಅದು ಹೇಳುವುದಿಷ್ಟು: ಮೇಲ್ಮೈ ನೀರು ಈ ಅವಧಿಯಲ್ಲಿ ಒಂದು ಡಿಗ್ರಿಗೂ ಹೆಚ್ಚು ಬಿಸಿಯಾಗಿದೆ, ಆಳದ ನೀರೂ ಬಿಸಿಯಾಗಿದೆ.

ಒಂದು ಡಿಗ್ರಿ ದೊಡ್ಡದೇ ಎಂದರೆ, ಗೋರ್ಗೋನಿಯನ್‌ಗೆ ದೊಡ್ಡದು. ಬೀಸಣಿಗೆಯಂತೆ ಹರಡಿಕೊಳ್ಳುವ, ಕಡುಗೆಂಪು ಬಣ್ಣದ ಈ ಮೆದು ಹವಳ ಮೆಡೆಸ್‌ನ ಬಂಡೆಗಳ ಕಾಡು ಇದ್ದಂತೆ. ವರ್ಷಕ್ಕೆ ಬೆಳೆಯುವುದು ಎರಡು ಸೆಂಟಿಮೀಟರ್‌ಗೂ ಕಡಿಮೆ. ಬೇಸಿಗೆಯಲ್ಲಿ ನೀರಿನಲ್ಲಿ ಆಹಾರ ಕಡಿಮೆ. ಬಿಸಿ ಏರಿದಂತೆ ದೇಹಕ್ಕೆ ಬೇಕಾದ ಶಕ್ತಿ ಮಾತ್ರ ಹೆಚ್ಚು. ಸಾಮಾನ್ಯ ವರ್ಷಗಳಲ್ಲಿ ಬಿಸಿ ಪದರ ಮೇಲೆ ತೇಲುತ್ತಿರುತ್ತದೆ, ಕೆಳಗೆ ತಂಪಿರುತ್ತದೆ. ಉಷ್ಣ ಅಲೆ ವಾರಗಟ್ಟಲೆ ನಿಂತು ಬಿಸಿ 20, 30 ಮೀಟರ್‌ವರೆಗೂ ಇಳಿದರೆ ಆ ಹವಳ ಹಸಿವಿನಿಂದ ಕುಗ್ಗಿ, ಸೋಂಕಿಗೆ ತುತ್ತಾಗಿ, ಮಾಂಸ ಕಳಚಿ ಬರಿಯ ಕಡ್ಡಿಯಾಗುತ್ತದೆ. 1999, 2003, 2022ರಲ್ಲಿ ವಾಯವ್ಯ ಮೆಡಿಟರೇನಿಯನ್‌ನಲ್ಲಿ ಹೀಗೆ ಸಾಮೂಹಿಕ ಸಾವು ನಡೆಯಿತು. 2015ರಿಂದ 2019ರವರೆಗೆ ಸತತ ಐದು ವರ್ಷ ಸುಮಾರು 50 ಬಗೆಯ ಜೀವಿಗಳು ಇಂಥ ಸಾವಿಗೀಡಾದ ದಾಖಲೆಯಿದೆ. ಸಾಲದೆಂಬಂತೆ 2008ರ ಡಿಸೆಂಬರ್ 26ರ ಚಂಡಮಾರುತ, 2020ರ ಜನವರಿಯ ‘ಗ್ಲೋರಿಯಾ’ ಈ ತೀರವನ್ನೇ ಉಜ್ಜಿ ಹೋದವು.

ಮೀನುಗಾರನಿಗೆ ಗಡಿ ಹಾಕಬಹುದು, ಡೈವರ್‌ಗೆ ಟಿಕೆಟ್ ಹಾಕಬಹುದು. ಬಿಸಿ ನೀರಿಗೆ ಎರಡೂ ಸಾಧ್ಯವಿಲ್ಲ. ಹಾಗಾದರೆ ಮೀಸಲು ಪ್ರದೇಶ ವ್ಯರ್ಥವೇ? ಅಲ್ಲ. ಆದರೆ ಡೈವ್‌ಗಳ ಮಿತಿ ಗೊತ್ತುಮಾಡಿದ ಅಧ್ಯಯನಗಳು ನಡೆದದ್ದು ಗಟ್ಟಿಮುಟ್ಟಾದ ಬಂಡೆಯ ಮೇಲೆ. ಸತ್ತದ್ದಕ್ಕಿಂತ ಹುಟ್ಟುವುದು ಹೆಚ್ಚಿದ್ದಾಗ ಒಬ್ಬ ಡೈವರ್‌ನ ಕಾಲು ತಾಗಿ ಒಂದು ಬೀಸಣಿಗೆ ಮುರಿದರೂ ಲೆಕ್ಕ ಸರಿದೂಗುತ್ತಿತ್ತು. ಬಿಸಿಯಿಂದಲೇ ಅರ್ಧ ಸತ್ತ ಗುಂಪಿನಲ್ಲಿ ಅದೇ ಒಂದು ಏಟು ದುಬಾರಿ. ಆರೋಗ್ಯವಂತನಿಗೆ ಬರೆದ ಚೀಟಿಯನ್ನು ರೋಗಿಗೆ ಕೊಟ್ಟಂತಾಗಿದೆ.

ಅದಕ್ಕಿಂತ ವಿಚಿತ್ರ ಎಂದರೆ ಕ್ಯಾಲೆಂಡರ್. ಡೈವರ್‌ಗಳ ಜಾತ್ರೆ ಸೇರುವುದು ಜುಲೈ, ಆಗಸ್ಟ್‌ನಲ್ಲಿ. ಹವಳ ಹಸಿದು ನಿಲ್ಲುವುದೂ ಸರಿಯಾಗಿ ಆಗಲೇ. ವರ್ಷದ ಒಟ್ಟು ಮಿತಿಯನ್ನು ಹಾಗೇ ಇಟ್ಟುಕೊಂಡು, ಉಷ್ಣ ಅಲೆಯ ವಾರಗಳಲ್ಲಿ ಗುಹೆ ಮತ್ತು ಆಳವಿಲ್ಲದ ಗೋರ್ಗೋನಿಯನ್ ಗೋಡೆಗಳನ್ನು ಮುಚ್ಚಿ, ಆ ಡೈವ್‌ಗಳನ್ನು ವಸಂತಕ್ಕೋ ಶರತ್ಕಾಲಕ್ಕೋ ಸರಿಸಬಹುದು. ಡೈವಿಂಗ್ ಕೇಂದ್ರದವರ ಆಕ್ಷೇಪಕ್ಕೂ ಕಾರಣವಿದೆ: ಚಳಿಗಾಲದ ಕೊನೆಗೆ ಅಲ್ಲಿನ ನೀರು 13 ಡಿಗ್ರಿ ಆಸುಪಾಸಿಗೆ ಇಳಿದಿರುತ್ತದೆ, ರಜೆಗೆ ಬರುವ ಕುಟುಂಬ ಏಪ್ರಿಲ್‌ನ ಆ ತಣ್ಣೀರಿಗೆ ಇಳಿಯುವುದಿಲ್ಲ. ಆಗಸ್ಟ್ ಕೈತಪ್ಪಿದರೆ ವರ್ಷದ ಸಂಪಾದನೆಯೇ ಕೈತಪ್ಪುತ್ತದೆ. ಆದರೂ ಅವರು ಮಾರುತ್ತಿರುವುದೇ ಆ ಬಂಡೆಯನ್ನು. ಒಂದು ಕೋಟಿ ಯೂರೊದ ಒಂದು ಪಾಲನ್ನು ಇಂಥ ಬಂದ್ ವಾರಗಳ ನಷ್ಟ ತುಂಬಲು ಎತ್ತಿಡುವುದು ದೊಡ್ಡ ಮಾತಲ್ಲ.

ನಮ್ಮ ಏಪ್ರಿಲ್, ಮೇ

ಮುಂಬೈ, ಪುಣೆಯವರಿಗೆ ಸ್ಕೂಬಾ ಎಂದರೆ ಮಾಲ್ವಣ, ಸಿಂಧುದುರ್ಗ ಕೋಟೆಯ ಸುತ್ತಲಿನ ನೀರು. ಕರ್ನಾಟಕದಲ್ಲಿ ಮುರುಡೇಶ್ವರದ ಎದುರಿನ ನೇತ್ರಾಣಿ. ಮಾಲ್ವಣ 1987ರಿಂದಲೇ ಕಡಲ ಅಭಯಾರಣ್ಯ. ಇಲ್ಲಿ ಮುಂಗಾರು ಬಂತೆಂದರೆ ಡೈವಿಂಗ್ ತಾನಾಗಿಯೇ ನಿಲ್ಲುತ್ತದೆ, ಬಂಡೆಗೆ ಕೆಲವು ತಿಂಗಳ ಬಿಡುವು ಸಿಗುತ್ತದೆ. ಮೆಡೆಸ್‌ಗೆ ಇಲ್ಲದ ಭಾಗ್ಯ ಇದು.

ಆದರೆ ನಮ್ಮ ಅರಬ್ಬಿ ಸಮುದ್ರ ಅತಿ ಬಿಸಿಯಾಗುವುದು ಮುಂಗಾರಿಗೆ ಮುಂಚೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡದ್ದು ಆಗಲೇ. ಶಾಲೆಗೆ ರಜೆ ಬಿದ್ದು, ಮಾಲ್ವಣದ ದೋಣಿಗಳಿಗೆ ಸರತಿ ಸಾಲು ನಿಲ್ಲುವುದೂ ಅದೇ ಎರಡು ತಿಂಗಳಲ್ಲಿ. ನೀರು ಎಷ್ಟು ಡಿಗ್ರಿ ಏರಿದರೆ ಯಾವ ಬಂಡೆಯನ್ನು ಎಷ್ಟು ದಿನ ಮುಚ್ಚಬೇಕು, ಅಷ್ಟು ದಿನ ದೋಣಿಯವನ ಮನೆ ಖರ್ಚು ಯಾರದು ಎಂಬುದನ್ನು ಮಾಲ್ವಣ, ನೇತ್ರಾಣಿಗಳಲ್ಲಿ ಮುಂದಿನ ಬೇಸಿಗೆ ರಜೆಯ ಬುಕಿಂಗ್ ಶುರುವಾಗುವ ಮೊದಲೇ ಕೂತು ಮಾತಾಡಬಹುದು.