ಗುಳಿಗೆ ನುಂಗುವುದಕ್ಕೂ ಒಂದು ಕ್ರಮವಿದೆ

‘ಗುಳಿಗೆ ನುಂಗೋದನ್ನೂ ಯಾರಾದರೂ ಹೇಳಿಕೊಡಬೇಕೇನ್ರೀ?’ ಎಂದು ನೀವು ನಗಬಹುದು. ನಾನೂ ಹಾಗೇ ನಗುತ್ತಿದ್ದವಳೇ. ಒಂದು ರಾತ್ರಿ ನಮ್ಮತ್ತೆ, ಜ್ವರಕ್ಕೆಂದು ಡಾಕ್ಟರು ಬರೆದುಕೊಟ್ಟ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲನ್ನು ಹಾಸಿಗೆಯಲ್ಲೇ ಒಂದು ಗುಟುಕು ನೀರಿನಲ್ಲಿ ನುಂಗಿ ಅಡ್ಡಾದರು. ಬೆಳಿಗ್ಗೆ ಎದೆಯ ನಡುವೆ ವಿಪರೀತ ಉರಿ. ಎಂಜಲು ನುಂಗಿದರೂ ನೋವು. ಕ್ಯಾಪ್ಸೂಲು ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡಿತ್ತು! ಪಾಪ, ವಾರವೆಲ್ಲಾ ಗಂಜಿಯಲ್ಲೇ ಕಳೆದರು.

ಆದ್ದರಿಂದ, ಸೋದರಿಯರೇ, ಯಾವ ಮದ್ದು ಎಂಬುದಷ್ಟೇ ಅಲ್ಲ, ಅದನ್ನು ಹೇಗೆ ತೆಗೆದುಕೊಂಡೆವು ಎಂಬುದೂ ಮುಖ್ಯ.

ನೀರು: ನೆಟ್ಟಗೆ ಕುಳಿತು, ಲೋಟದ ತುಂಬ ನೀರಿನೊಂದಿಗೆ ನುಂಗಿ. ಅರ್ಧ ಗಂಟೆ ಮಲಗಬೇಡಿ. ಮೂಳೆ ಟೊಳ್ಳಾಗುವುದಕ್ಕೆ ಕೊಡುವ ಅಲೆಂಡ್ರೊನೇಟ್ ಗುಳಿಗೆಗಂತೂ ಇದು ಕಟ್ಟುನಿಟ್ಟು. ಬೆಳಗಿನ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲೇ ನುಂಗಬೇಕು. ಅರ್ಧ ಗಂಟೆ ತಿಂಡಿ, ಕಾಫಿಯೂ ಇಲ್ಲ. ನೀರು ಕಡಿಮೆ ಕುಡಿಯಿರಿ ಎಂದು ಡಾಕ್ಟರು ಹೇಳಿದ್ದರೆ ಅವರನ್ನೇ ಕೇಳಿಕೊಳ್ಳಿ.

ಕಾಫಿ: ನಮಗೆ ಎದ್ದ ಕೂಡಲೇ ಕಾಫಿ ಬೇಕು, ಅದರ ಜೊತೆಗೇ ಗುಳಿಗೆ! ಥೈರಾಯ್ಡ್ ಗುಳಿಗೆ ನುಂಗಿದ ಮೇಲೆ 30ರಿಂದ 60 ನಿಮಿಷ ಕಾಫಿಯನ್ನು ತಡೆಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳಿಗೂ ಅದಕ್ಕೂ 4 ಗಂಟೆ ಅಂತರವಿರಲಿ. ಕಬ್ಬಿಣದ ಗುಳಿಗೆಯೂ ಕಾಫಿ, ಟೀ, ಹಾಲಿನ ಜೊತೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕವಾದರೆ ಅಡ್ಡಿಯಿಲ್ಲ.

ಕುಟ್ಟುವುದು: ನುಂಗಲಾಗದೆಂದು ಎಲ್ಲ ಗುಳಿಗೆಯನ್ನೂ ಪುಡಿ ಮಾಡಬೇಡಿ. ಹೆಸರಿನ ಮುಂದೆ ಎಸ್.ಆರ್. ಅಥವಾ ಇ.ಆರ್. ಎಂದಿದ್ದರೆ ಅದು ನಿಧಾನವಾಗಿ ಕರಗಬೇಕಾದದ್ದು. ಪುಡಿ ಮಾಡಿದಿರೋ, ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಸೇರಬೇಕಾದ ಮದ್ದು ಒಮ್ಮೆಲೇ ರಕ್ತಕ್ಕೆ ಸೇರಿ ಅಪಾಯವಾದೀತು.

ಮಕ್ಕಳ ಮದ್ದು: ಅಡಿಗೆಮನೆಯ ಚಮಚಗಳೆಲ್ಲ ಒಂದೇ ಅಳತೆಯವಲ್ಲ. ಬಾಟಲಿಯ ಜೊತೆ ಬಂದ ಅಳತೆಯ ಮುಚ್ಚಳವನ್ನೇ ಬಳಸಿ. ಜ್ವರದ ಪ್ಯಾರಾಸಿಟಮಾಲ್ ಸಿರಪ್ಪಿನಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವುದೂ ಉಂಟು, 250 ಇರುವುದೂ ಉಂಟು. ಲೇಬಲ್ ನೋಡದೆ ಹಾಕಿದರೆ ಮಗುವಿಗೆ ಎರಡರಷ್ಟು ಮದ್ದು ಹೋದೀತು. ಮಲಗಿಸಿ, ಮೂಗು ಹಿಡಿದು ಹೊಯ್ಯುವ ಹಳೆಯ ಪದ್ಧತಿ ಖಂಡಿತಾ ಬೇಡ, ಶ್ವಾಸನಾಳಕ್ಕೆ ಇಳಿದೀತು. ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ.

ಒಂದು ಹೊತ್ತು ಮರೆತಿರಾ? ಮುಂದಿನ ಹೊತ್ತಿಗೆ ಎರಡು ಸೇರಿಸಿ ನುಂಗಬೇಡಿ.

ನಮ್ಮತ್ತೆಯ ಮಂಚದ ಪಕ್ಕ ಈಗ ದೊಡ್ಡ ಲೋಟವೊಂದು ಇರುತ್ತದೆ. ‘ಗುಳಿಗೆ ಇಷ್ಟೇ ಇಷ್ಟು, ನೀರು ಕೊಡದಷ್ಟು!’ ಎಂದು ಗೊಣಗುತ್ತಾರೆ. ಗೊಣಗಲಿ ಬಿಡಿ, ಎದ್ದು ಕುಳಿತು ಕುಡಿಯುತ್ತಾರಲ್ಲ!