ಸ್ಲೇಟಿಗಿಂತ ಮುಂಚೆ ಮೊರ



ಹೊಳಲ್ಕೆರೆಯ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಮಗನಿಗೆ ನಾಲ್ಕು ತುಂಬಿತು. ಪಕ್ಕದ ಮನೆ ಹುಡುಗಿ ಅಆಇಈ ಪೂರ್ತಿ ಬರೀತಾಳೆ. ಇವನು ಸ್ಲೇಟು ಕಂಡರೆ ಮಂಚದ ಕೆಳಗೆ ಸೇರ್ಕೊತಾನೆ. ಹೊಡೆದೂ ನೋಡಿದೆ. ಏನು ಮಾಡಲಿ?"

ಓದಿ ನನ್ನ ದೊಡ್ಡ ಮಗ ನೆನಪಾದ. ಅವನಿಗೆ ಮೂರೂವರೆ ಆಗಿದ್ದಾಗ ದಿನಾ ಸಂಜೆ ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದೆ. ಅತ್ತರೂ ಬಿಡುತ್ತಿರಲಿಲ್ಲ. ಒಂದು ದಿನ ಹಿತ್ತಲಲ್ಲಿ ಓತಿಕ್ಯಾತ ನೋಡಿ ಅದರ ಕತೆ ಹೇಳೋಕೆ ಓಡಿ ಬಂದವನು, ನನ್ನ ಕೈಯಲ್ಲಿ ಸ್ಲೇಟು ಕಂಡು ಬಾಗಿಲಲ್ಲೇ ನಿಂತ. ಹಾಗೇ ತಿರುಗಿ ಅಜ್ಜಿಯ ಹತ್ತಿರ ಹೋಗಿಬಿಟ್ಟ. ಅಕ್ಷರವೇನೋ ಆಮೇಲೆ ಬಂತು. ಆ ಕತೆ ಮಾತ್ರ ನನಗೆ ಸಿಗಲೇ ಇಲ್ಲ.

ಇಷ್ಟು ಅವಸರ ಯಾಕೆ ಹೇಳಿ? 2009ರ ಶಿಕ್ಷಣ ಹಕ್ಕು ಕಾಯಿದೆ ಕೂಡ ಲೆಕ್ಕ ಹಿಡಿಯುವುದು 6ನೇ ವರ್ಷದಿಂದ. 1975ರಲ್ಲಿ ಶುರುವಾದ ಅಂಗನವಾಡಿ ಯೋಜನೆಯಲ್ಲೂ 3ರಿಂದ 6ರ ಮಕ್ಕಳಿಗೆ ಆಟ, ಹಾಡು, ಕತೆಗಳ ಮೂಲಕವೇ ಕಲಿಕೆ. ಈ ವಯಸ್ಸಿನಲ್ಲಿ ಮಣಿಕಟ್ಟಿನ ಎಲುಬುಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಬಳಪ ಹಿಡಿಯುವ ಬೆರಳಿಗೆ ಮೊದಲು ಕಸುವು ಬರಬೇಕು.

ಅದಕ್ಕೆ ಅಡುಗೆಮನೆಯೇ ಶಾಲೆ. ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಬಿಡಿಸಲು ಕೂತಾಗ ಮಗುವನ್ನೂ ಕೂರಿಸಿಕೊಳ್ಳಿ. ಶೇಂಗಾ ಸುಲಿಯಲಿ. ಹೆಬ್ಬೆರಳು, ತೋರುಬೆರಳು ಸೇರಿ ಒತ್ತುವ ಆ ಕೆಲಸವೇ ನಾಳೆ ಬಳಪ ಹಿಡಿಯುವ ಕೆಲಸ. (ಇಡೀ ಬೀಜ ಬಾಯಿಗೆ ಹಾಕಿಕೊಳ್ಳದಂತೆ ಪಕ್ಕದಲ್ಲೇ ಇರಿ, ಗಂಟಲಲ್ಲಿ ಸಿಕ್ಕಿದರೆ ಅಪಾಯ. ತಿನ್ನಲು ಪುಡಿ ಮಾಡಿ ಕೊಡಿ.) ಬೆಳಿಗ್ಗೆ ರಂಗೋಲಿ ಹಾಕುವಾಗ ನಾಲ್ಕು ಚುಕ್ಕಿ ಅವನಿಗೂ ಬಿಡಿ. ಗೆರೆ ಸೊಟ್ಟಗಾದರೆ ಆಗಲಿ.

ಇನ್ನು ಲೆಕ್ಕ. ಇಪ್ಪತ್ತರ ತನಕ ಬಾಯಿಪಾಠ ಒಪ್ಪಿಸುವ ಮಗು "ಐದು ತಟ್ಟೆ ತಾ" ಅಂದರೆ ತಬ್ಬಿಬ್ಬಾಗುತ್ತದೆ. ಹಾಗಾಗಿ ಊಟಕ್ಕೆ ತಟ್ಟೆ ಇಡುವ ಕೆಲಸ ಅವನದೇ ಆಗಲಿ. ಅಜ್ಜಿಗೊಂದು, ಅಪ್ಪನಿಗೊಂದು, ನನಗೊಂದು. ಅಕ್ಕಿ ಅಳೆಯುವಾಗ ನಾಲ್ಕು ಪಾವು ಸೇರಿದರೆ ಒಂದು ಸೇರು ಅನ್ನೋದನ್ನ ಅವನ ಕೈಯಲ್ಲೇ ಸುರಿಸಿ ತೋರಿಸಿ.

ಕಿವಿಗೆ ಆಟ ಬೇಕೆ? ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕಾಯುವಾಗ ಊರುಗಳ ಹೆಸರು ಹೇಳಿ: ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. "ಇದರಲ್ಲಿ ಯಾವ ಎರಡು ಒಂದೇ ಥರ ಶುರುವಾಗುತ್ತೆ?" ಅಂತ ಕೇಳಿ. 'ಹೊ' ಅಂತ ಕಿವಿಗೆ ಹಿಡಿದ ಮಗು ಬಸ್ಸಿನ ಬೋರ್ಡಿನಲ್ಲಿ ಅದನ್ನು ಬಲು ಬೇಗ ಹುಡುಕುತ್ತದೆ.

ಕೋಟೆಗೆ ಹೋದರೆ ಓಬವ್ವನ ಕಿಂಡಿಯ ಮುಂದೆ ಕತೆ ಹೇಳಿ. ಗಂಡ ಊಟಕ್ಕೆ ಕೂತಾಗ ನೀರಿಗೆ ಬಂದ ಓಬವ್ವ, ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡಳು ಅನ್ನುವಲ್ಲಿಗೆ ನಿಲ್ಲಿಸಿ. "ನೀನಾಗಿದ್ರೆ ಏನು ಮಾಡ್ತಿದ್ದೆ?" ಉತ್ತರ ಎಷ್ಟೇ ಉದ್ದವಾಗಲಿ, ತಡೆಯದೆ ಕೇಳಿ.

ಅಡುಗೆ ಮುಗಿಯುವವರೆಗೆ ಅಂತ ಮೊಬೈಲು ಕೊಡುವ ಅಭ್ಯಾಸ ಎಲ್ಲರ ಮನೆಯಲ್ಲೂ ಇದೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅದು ಹಾಡುತ್ತದೆ, ಕುಣಿಯುತ್ತದೆ. ಮಗು ಹೇಳಿದ್ದನ್ನು ಮಾತ್ರ ಕೇಳಿಸಿಕೊಳ್ಳುವುದಿಲ್ಲ.

ಒಂದು ಎಚ್ಚರ. ನಾಲ್ಕು ತುಂಬಿದರೂ ಮಗು ಪುಟ್ಟ ವಾಕ್ಯ ಸೇರಿಸಿ ಮಾತಾಡದಿದ್ದರೆ, ಕರೆದರೆ ತಿರುಗದಿದ್ದರೆ, ಸಂಕೋಚ ಬಿಟ್ಟು ವೈದ್ಯರಿಗೆ ತೋರಿಸಿ. ಬರೆಯದಿರುವುದು ರೋಗವಲ್ಲ; ಇವನ್ನು ಮಾತ್ರ ಕಡೆಗಣಿಸಬೇಡಿ.

ಹೊಳಲ್ಕೆರೆಯ ಸೋದರಿ, ಸ್ಲೇಟನ್ನು ಒಂದು ತಿಂಗಳು ಅಟ್ಟದ ಮೇಲಿಡಿ. ಅವನೇ ಕೇಳಿದ ದಿನ ಇಳಿಸಿ. ಹೊಡೆದದ್ದಕ್ಕೆ ಕೊರಗುತ್ತಾ ಕೂರಬೇಡಿ. ತೊಡೆ ಮೇಲೆ ಕೂರಿಸಿಕೊಂಡರೆ ಮಕ್ಕಳು ಬೇಗ ಮರೆಯುತ್ತಾರೆ. ಇವತ್ತು ಅವನು ಮಂಚದ ಕೆಳಗಿಂದ ಹೊರಗೆ ಬಂದಾಗ, ಅಲ್ಲಿ ಏನೇನು ಕಂಡೆ ಅಂತ ಮೊದಲು ಕೇಳಿ. ಕತೆ ಇದ್ದೇ ಇರುತ್ತದೆ.